ಅಂಗಡಿ ಕಾರ್ಡಿನಿಂದ ಸಿಬಿಲ್ ಸ್ಕೋರ್: ಬಡ್ಡಿ ಕಟ್ಟದೆ ಬೆಳೆಸುವುದು ಹೇಗೆ?

ಮುಂಬೈ, ಪುಣೆ, ಗೋವಾದಲ್ಲಿರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ ಇದು. ಮಾಲ್‌ನಲ್ಲಿ ಬಿಲ್ ಮಾಡಿಸುವಾಗ ಕೌಂಟರಿನವರು "ನಮ್ಮ ಕಾರ್ಡ್ ತಗೊಳ್ಳಿ, ಇವತ್ತೇ ಡಿಸ್ಕೌಂಟ್ ಸಿಗುತ್ತೆ, ಸಿಬಿಲ್ ಕೂಡ ಚೆನ್ನಾಗಾಗುತ್ತೆ" ಅನ್ನುತ್ತಾರೆ. ತಗೊಂಡರೆ ಬಡ್ಡಿ ಬೀಳುತ್ತಾ? ಬಡ್ಡಿ ಕಟ್ಟದಿದ್ದರೂ ಸ್ಕೋರ್ ಏರುತ್ತಾ?

ಏರುತ್ತದೆ. ಒಂದು ರೂಪಾಯಿ ಬಡ್ಡಿಯೂ ಬೇಡ. "ಸ್ವಲ್ಪ ಬಾಕಿ ಉಳಿಸಿ ಬಡ್ಡಿ ಕಟ್ಟುತ್ತಿದ್ದರೆ ಬ್ಯಾಂಕಿನವರಿಗೆ ಖುಷಿ, ಸ್ಕೋರ್ ಬೇಗ ಏರುತ್ತೆ" ಅನ್ನುವ ಮಾತು ರೂಮುಗಳಲ್ಲಿ, ಆಫೀಸುಗಳಲ್ಲಿ ಬಹಳ ಓಡಾಡುತ್ತಿದೆ. ಅದು ಸುಳ್ಳು. ಆ ಮಾತು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಸಾಲ ಎಷ್ಟು ತೆಗೆದುಕೊಂಡಿರಿ, ಹೇಳಿದ ದಿನಕ್ಕೆ ಕಟ್ಟಿದಿರಾ, ಮುಖ್ಯವಾಗಿ ಇವೇ ಸಿಬಿಲ್‌ನಲ್ಲಿ ದಾಖಲಾಗುವುದು. ಬಡ್ಡಿ ಕಟ್ಟಿದ್ದಕ್ಕೆ ಅಲ್ಲಿ ಯಾವ ಅಂಕವೂ ಇಲ್ಲ.

ಮೊದಲು ಪದಗಳನ್ನು ತಿಳಿದುಕೊಳ್ಳೋಣ

ಸಿಬಿಲ್ ಅಂದರೆ ನಮ್ಮ ಸಾಲದ ಲೆಕ್ಕ ಇಡುವ ಕಂಪನಿ. 2000ರಲ್ಲಿ ಮುಂಬೈಯಲ್ಲೇ ಶುರುವಾಯಿತು. ಈಗಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇಂಥವು ಇನ್ನೂ ಮೂರಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಬ್ಯಾಂಕುಗಳು ನಿಮ್ಮ ಸಾಲದ ವಿವರವನ್ನು ಈ ನಾಲ್ಕಕ್ಕೂ ಕಳಿಸುತ್ತವೆ. ಸಾಲವನ್ನು ಎಷ್ಟು ಸರಿಯಾಗಿ ತೀರಿಸುತ್ತೀರಿ ಅನ್ನುವುದಕ್ಕೆ ಅವು ಕೊಡುವ ಅಂಕವೇ ಸ್ಕೋರ್. ಅದು 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಸಾಲ ಸಿಗುವುದು ಸುಲಭ ಅನ್ನುವುದು ಸಾಮಾನ್ಯ ಲೆಕ್ಕ. ಈವರೆಗೆ ಸಾಲವನ್ನೇ ಮಾಡಿಲ್ಲದವರಿಗೆ ಅಂಕದ ಬದಲು ಎನ್‌ಎಚ್ ಅಥವಾ -1 ಅಂತ ಬರುತ್ತದೆ. ಅದು ಕೆಟ್ಟ ಸ್ಕೋರ್ ಅಲ್ಲ. ನಿಮ್ಮ ಬಗ್ಗೆ ಏನೂ ದಾಖಲೆ ಇಲ್ಲ ಅಂತ ಅರ್ಥ.

ಉಳಿತಾಯ ಖಾತೆಯಲ್ಲಿ ಎಷ್ಟೇ ದುಡ್ಡಿರಲಿ, ಸ್ಕೋರಿಗೆ ಸಂಬಂಧವಿಲ್ಲ. ಡೆಬಿಟ್ ಕಾರ್ಡ್, ಖಾತೆಯಿಂದ ನೇರ ಹೋಗುವ ಯುಪಿಐ, ವಾಲೆಟ್ ಯಾವುದೂ ಲೆಕ್ಕಕ್ಕಿಲ್ಲ. ಇಲ್ಲಿ ಗೆಳೆಯರೆಲ್ಲ ಸೇರಿ ನಡೆಸುವ ಭಿಶಿಗೆ, ಅಂದರೆ ನಮ್ಮ ಕಡೆಯ ಚೀಟಿಗೆ, ಹತ್ತು ವರ್ಷ ತಪ್ಪದೆ ಕಟ್ಟಿದ್ದರೂ ಸಿಬಿಲ್‌ಗೆ ಗೊತ್ತಾಗುವುದಿಲ್ಲ.

ಇನ್ನು ಅಂಗಡಿ ಕಾರ್ಡ್. ನಮ್ಮ ದೇಶದಲ್ಲಿ ಅಂಗಡಿಯವರು ತಾವೇ ಕ್ರೆಡಿಟ್ ಕಾರ್ಡ್ ಕೊಡುವ ಹಾಗಿಲ್ಲ. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಇರುವ ಹಣಕಾಸು ಕಂಪನಿಯೇ ಕೊಡಬೇಕು. ಹಾಗಾಗಿ ಇಲ್ಲಿರುವುದು ಕೋ-ಬ್ರಾಂಡೆಡ್ ಕಾರ್ಡ್, ಅಂದರೆ ಅಂಗಡಿ ಮತ್ತು ಬ್ಯಾಂಕ್ ಎರಡರ ಹೆಸರೂ ಇರುವ ಕಾರ್ಡ್. ಅಮೆಜಾನ್ ಪೇ ಐಸಿಐಸಿಐ, ಫ್ಲಿಪ್‌ಕಾರ್ಟ್ ಆಕ್ಸಿಸ್, ಟಾಟಾ ನ್ಯೂ ಎಚ್‌ಡಿಎಫ್‌ಸಿ, ರಿಲಯನ್ಸ್ ಎಸ್‌ಬಿಐ ಇಂಥವು. ಹೊರಗೆ ಅಂಗಡಿಯ ಹೆಸರು ದೊಡ್ಡದಾಗಿ ಕಂಡರೂ ಒಳಗೆ ಅದು ಪೂರ್ತಿ ಕ್ರೆಡಿಟ್ ಕಾರ್ಡೇ. ಆ ಅಂಗಡಿಯಲ್ಲೇ ಬಳಸಬೇಕು ಅಂತಲೂ ಇಲ್ಲ.

ಎರಡು ಕಾರ್ಡುಗಳು ಇದರ ಹಾಗೇ ಕಾಣುತ್ತವೆ. ಒಂದು, ಪಾಯಿಂಟ್ ಕೂಡಿಸುವ ಮೆಂಬರ್‌ಶಿಪ್ ಕಾರ್ಡ್. ಅದರಲ್ಲಿ ಸಾಲವೇ ಇಲ್ಲ, ಸ್ಕೋರೂ ಇಲ್ಲ. ಇನ್ನೊಂದು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೊಡುವ ಇಎಂಐ ಕಾರ್ಡ್. ಅದರಲ್ಲಿ ಕೊಂಡ ಒಂದೊಂದು ಮೊಬೈಲು, ಮಿಕ್ಸರೂ ನಿಮ್ಮ ಸಾಲದ ರಿಪೋರ್ಟಿನಲ್ಲಿ ಒಂದೊಂದು ಪ್ರತ್ಯೇಕ ಸಾಲವಾಗಿ ಕೂರುತ್ತದೆ. ಒಂದೇ ಕಂತು ಬೌನ್ಸ್ ಆದರೂ ಅದು ದಾಖಲಾಗುತ್ತದೆ. ಕೌಂಟರಿನಲ್ಲಿ ಒಂದೇ ಮಾತು ಕೇಳಿ: "ಇದು ಯಾವ ಬ್ಯಾಂಕಿನ ಕ್ರೆಡಿಟ್ ಕಾರ್ಡ್?" ಉತ್ತರ ಬರದಿದ್ದರೆ ಸಹಿ ಮಾಡಬೇಡಿ, ಒಟಿಪಿ ಹೇಳಬೇಡಿ.

1. ಮೊದಲು ನಿಮ್ಮ ರಿಪೋರ್ಟ್ ನೋಡಿ

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ಅವುಗಳ ಜಾಲತಾಣದಲ್ಲೇ ಪ್ಯಾನ್ ಮತ್ತು ಮೊಬೈಲ್ ನಂಬರ್ ಹಾಕಿ ತೆಗೆಯಬಹುದು. ನಿಮ್ಮ ರಿಪೋರ್ಟ್ ನೀವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ಈ ಭಯ ಬಿಡಿ.

ನಮ್ಮವರು ಇಲ್ಲಿ ವಿಶೇಷವಾಗಿ ನೋಡಬೇಕಾದದ್ದು ಹೆಸರು. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹೆಸರಿನ ಜೊತೆ ಇನಿಶಿಯಲ್ ಮಾತ್ರ ಇರುತ್ತದೆ. ಪ್ಯಾನ್‌ನಲ್ಲಿ ಆ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು ಬಂದಿರುತ್ತದೆ. ಮಹಾರಾಷ್ಟ್ರಕ್ಕೆ ಬಂದ ಮೇಲೆ ಕಂಪನಿಯವರು ಇಲ್ಲಿನ ಪದ್ಧತಿಯಂತೆ ಅಡ್ಡಹೆಸರು ಬೇಕು ಅಂತ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕೊನೆಗೆ ಸೇರಿಸಿರುತ್ತಾರೆ. ಮೂರು ಕಡೆ ಮೂರು ಹೆಸರು. ಹೀಗಿದ್ದರೆ ಅರ್ಜಿ ಸುಮ್ನೆ ತಿರಸ್ಕಾರ ಆಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಬೇರೆ ಯಾರದೋ ಸಾಲ ನಿಮ್ಮ ರಿಪೋರ್ಟಿಗೆ ಬಂದು ಸೇರುವುದು. ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಥರ ಮಾಡಿಸಿಕೊಂಡು ಆಮೇಲೆ ಮುಂದೆ ಹೋಗಿ.

ಗೆಳೆಯನ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ಇಲ್ಲಿ ಕಾಣುತ್ತದೆ. ಅವನು ಕಟ್ಟುತ್ತಿದ್ದಾನಾ ನೋಡಿಕೊಳ್ಳಿ.

2. ಯಾವ ದಾರಿ ನಿಮ್ಮದು ಅಂತ ತೀರ್ಮಾನಿಸಿ

ಹಿಂಜವಡಿಯ ಐಟಿ ಕಂಪನಿಯಲ್ಲಿ, ಅಂಧೇರಿಯ ಆಫೀಸಿನಲ್ಲಿ ಕೆಲಸ, ತಿಂಗಳ ಸಂಬಳ ಖಾತೆಗೇ ಬರುತ್ತದೆ ಅನ್ನುವವರಿಗೆ ಅಂಗಡಿ ಕಾರ್ಡ್ ನೇರವಾಗಿ ಸಿಗಬಹುದು. ಸಂಬಳದ ಖಾತೆ ಇರುವ ಬ್ಯಾಂಕಿನದೇ ಕೋ-ಬ್ರಾಂಡೆಡ್ ಕಾರ್ಡ್ ಇದ್ದರೆ ಅದನ್ನೇ ಮೊದಲು ಕೇಳಿ.

ಹೋಟೆಲಿನಲ್ಲಿ, ಕಟ್ಟಡದ ಕೆಲಸದಲ್ಲಿ, ಸ್ವಂತ ಟೆಂಪೋದಲ್ಲಿ ದುಡಿಯುವವರಿಗೆ ಸಂಬಳದ ಸ್ಲಿಪ್ ಇರುವುದಿಲ್ಲ. ಅವರು ಕೌಂಟರಿನಲ್ಲಿ ಅರ್ಜಿ ತುಂಬಿ ತಿರಸ್ಕಾರ ಆಗುವುದಕ್ಕಿಂತ ಎಫ್‌ಡಿ ಕಾರ್ಡ್ ತಗೊಳ್ಳುವುದೇ ಒಳ್ಳೆಯದು. ಬ್ಯಾಂಕಿನಲ್ಲಿ ಸುಮಾರು 15–25 ಸಾವಿರ ರೂಪಾಯಿ ಠೇವಣಿ ಇಟ್ಟರೆ ಹಲವು ಬ್ಯಾಂಕುಗಳು ಅದರ ಮೇಲೆ ಕಾರ್ಡ್ ಕೊಡುತ್ತವೆ. ಸಂಬಳದ ಕಾಗದ ಬೇಡ. ಠೇವಣಿಗೆ ಬರುವ ಬಡ್ಡಿ ಬರುತ್ತಲೇ ಇರುತ್ತದೆ. ಸಿಬಿಲ್‌ಗೆ ಇದೂ ಬೇರೆ ಕಾರ್ಡುಗಳ ಹಾಗೇ ವರದಿಯಾಗುತ್ತದೆ. ಒಂದು ವರ್ಷ ಇದನ್ನು ನಡೆಸಿ, ಆಮೇಲೆ ಅಂಗಡಿ ಕಾರ್ಡ್ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ. ಸ್ವಂತ ಆದಾಯವಿಲ್ಲದ ಗೃಹಿಣಿಯರಿಗೂ ನನ್ನ ಸಲಹೆ ಇದೇ. ಯಜಮಾನರ ಕಾರ್ಡಿಗೆ ಆಡ್-ಆನ್, ಅಂದರೆ ಜೊತೆ ಕಾರ್ಡ್, ತಗೊಂಡರೆ ಅದರ ಸಾಲದ ಹೊಣೆ ಅವರದೇ. ನಿಮ್ಮ ಹೆಸರಲ್ಲೇ ದಾಖಲೆ ಬೇಕಿದ್ದರೆ ನಿಮ್ಮ ಹೆಸರಲ್ಲೇ ಎಫ್‌ಡಿ ಇರಲಿ.

ಈಗಾಗಲೇ ಕೈಸಾಲ, ಆಪ್ ಸಾಲ ಮೈಮೇಲಿರುವವರು ಸದ್ಯಕ್ಕೆ ಕಾರ್ಡಿನ ತಂಟೆಗೇ ಹೋಗಬೇಡಿ. ಮೊದಲು ಅದು ತೀರಲಿ.

3. ಒಂದೇ ಕಡೆ ಅರ್ಜಿ ಹಾಕಿ

ಬೇಕಾಗುವುದು: ಪ್ಯಾನ್, ಆಧಾರ್, ಆಧಾರ್‌ಗೆ ಸೇರಿಸಿದ ಮೊಬೈಲ್ ನಂಬರ್, ಸಂಬಳದ ಸ್ಲಿಪ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್. ಆಧಾರ್‌ನಲ್ಲಿ ಇನ್ನೂ ಬೆಳಗಾವಿಯದೋ ಉಡುಪಿಯದೋ ವಿಳಾಸ ಇದ್ದರೆ ಈಗಿನ ವಿಳಾಸಕ್ಕೆ ಬೇರೆ ಪುರಾವೆ ಕೇಳಬಹುದು. ಮಹಾರಾಷ್ಟ್ರದಲ್ಲಿ ಬಾಡಿಗೆ ಮನೆಗೆ ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಣಿ ಆಗಲೇಬೇಕು ಅಂತ ಕಾನೂನಿದೆ. ಆ ನೋಂದಣಿ ಪ್ರತಿ ನಿಮ್ಮ ಹತ್ತಿರ ಇರಲಿ, ಇಲ್ಲಿ ಕೆಲಸಕ್ಕೆ ಬರುತ್ತದೆ.

ಪ್ರತಿ ಅರ್ಜಿಗೂ ಬ್ಯಾಂಕ್ ನಿಮ್ಮ ರಿಪೋರ್ಟ್ ತೆಗೆದು ನೋಡುತ್ತದೆ. ಅದಕ್ಕೆ ಎನ್‌ಕ್ವೈರಿ ಅನ್ನುತ್ತಾರೆ. ಒಂದೇ ವಾರದಲ್ಲಿ ನಾಲ್ಕು ಎನ್‌ಕ್ವೈರಿ ಬಿದ್ದರೆ, ಈ ಮನುಷ್ಯನಿಗೆ ದುಡ್ಡಿನ ಅಡಚಣೆ ಇದೆ ಅಂತ ಲೆಕ್ಕ. ಸ್ಕೋರ್ ಇಳಿಯುತ್ತದೆ. ಫೀನಿಕ್ಸ್ ಮಾಲ್‌ನಲ್ಲಿ ಶನಿವಾರ ಸುತ್ತಾಡುವಾಗ ಸಿಕ್ಕ ಸಿಕ್ಕ ಸ್ಟಾಲ್‌ನಲ್ಲಿ ಪ್ಯಾನ್ ಕೊಡಬೇಡಿ. ಒಂದು ತಿರಸ್ಕಾರ ಆದರೆ ಕಾರಣ ಲಿಖಿತವಾಗಿ ಕೇಳಿ. ಕೆಲವು ತಿಂಗಳು ಸುಮ್ಮನಿದ್ದು ಮತ್ತೆ ಹಾಕಿ.

ಸಹಿ ಮಾಡುವ ಮೊದಲು ವಾರ್ಷಿಕ ಶುಲ್ಕ ಎಷ್ಟು ಅಂತ ಕೇಳಿ. "ಮೊದಲ ವರ್ಷ ಫ್ರೀ" ಅಂದರೆ ಎರಡನೇ ವರ್ಷ ಫ್ರೀ ಅಲ್ಲ. ಸ್ಕೋರಿಗಾಗಿಯೇ ತಗೊಳ್ಳುವ ಕಾರ್ಡ್ ಜೀವನಪೂರ್ತಿ ಶುಲ್ಕವಿಲ್ಲದ್ದೇ ಆಗಿರಲಿ. ಈ ಮಾತಿನಲ್ಲಿ ರಾಜಿ ಬೇಡ.

4. ಕಾರ್ಡ್ ಬಂದ ದಿನವೇ ಮಾಡಬೇಕಾದ ಕೆಲಸ

ಬ್ಯಾಂಕಿನ ಆಪ್ ಹಾಕಿ ಕಾರ್ಡ್ ಆಕ್ಟಿವೇಟ್ ಮಾಡಿ. ವಿದೇಶಿ ವ್ಯವಹಾರ, ಎಟಿಎಂ ನಗದು ಎರಡನ್ನೂ ಆಫ್ ಮಾಡಿ. ನಂತರ ಆಟೋ-ಪೇ ಹಾಕಿ, ಅಂದರೆ ನಿಮ್ಮ ಖಾತೆಯಿಂದ ಬಿಲ್ ತಾನಾಗಿ ಕಟ್ಟಿಹೋಗುವ ಏರ್ಪಾಡು. ಇಲ್ಲಿ ಒಂದು ಕಡೆ ಬಹಳ ಜನ ಎಡವುತ್ತಾರೆ. ಆಟೋ-ಪೇಯಲ್ಲಿ ಎರಡು ಆಯ್ಕೆ ಇರುತ್ತವೆ: ಟೋಟಲ್ ಅಮೌಂಟ್ ಡ್ಯೂ ಮತ್ತು ಮಿನಿಮಮ್ ಅಮೌಂಟ್ ಡ್ಯೂ. ಮೊದಲನೆಯದು ಪೂರ್ತಿ ಬಿಲ್. ಎರಡನೆಯದು ಅದರ ಒಂದು ಚೂರು, ಹೆಚ್ಚಾಗಿ ನೂರಕ್ಕೆ ಐದರಷ್ಟು. ನೀವು ಟೋಟಲ್ ಅನ್ನೇ ಆರಿಸಬೇಕು. ಮಿನಿಮಮ್ ಆರಿಸಿದ್ದು ಗೊತ್ತೇ ಆಗದೆ "ಆಟೋ-ಪೇ ಇದೆಯಲ್ಲ" ಅಂತ ನಿಶ್ಚಿಂತೆಯಿಂದ ಇದ್ದವರಿಗೆ ತಿಂಗಳುಗಟ್ಟಲೆ ಬಡ್ಡಿ ಬೀಳುತ್ತದೆ.

ಬಿಲ್ಲಿನ ದಿನವನ್ನು ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕ್ ಕೊಡಲೇಬೇಕು. ಕಟ್ಟುವ ಕೊನೆ ದಿನ ಸಂಬಳ ಬಂದ ನಾಲ್ಕೈದು ದಿನದೊಳಗೆ ಬೀಳುವಂತೆ ಮಾಡಿಸಿಕೊಳ್ಳಿ. ತಿಂಗಳ ಕೊನೆಗೆ ಇಟ್ಟುಕೊಂಡರೆ ಕೈ ಖಾಲಿ ಇರುವ ಹೊತ್ತಿಗೆ ಬಿಲ್ ಬಂದು ನಿಲ್ಲುತ್ತದೆ.

5. ಒಂದೇ ಖರ್ಚು, ಸಣ್ಣ ಖರ್ಚು

ಸ್ಕೋರ್ ಬೆಳೆಯಲು ಜಾಸ್ತಿ ಖರ್ಚು ಮಾಡಬೇಕಿಲ್ಲ. ಹೇಗಿದ್ದರೂ ಮಾಡುವ ಒಂದು ಖರ್ಚನ್ನು ಕಾರ್ಡಿಗೆ ಹಾಕಿ ಸಾಕು. ಮೊಬೈಲ್ ರೀಚಾರ್ಜ್, ತಿಂಗಳ ದಿನಸಿ, ಲೋಕಲ್ ಟ್ರೇನಿನ ಪಾಸ್, ಹೀಗೆ ಯಾವುದಾದರೂ ಒಂದು. ನಿಮ್ಮದು ರುಪೇ ಕ್ರೆಡಿಟ್ ಕಾರ್ಡ್ ಆಗಿದ್ದರೆ ಯುಪಿಐಗೆ ಸೇರಿಸಿ ಕಿರಾಣಿ ಅಂಗಡಿಯ ಕ್ಯೂಆರ್‌ಗೂ ಕಟ್ಟಬಹುದು. ಮನುಷ್ಯರಿಂದ ಮನುಷ್ಯರಿಗೆ ಹಣ ಕಳಿಸಲು ಅದು ನಡೆಯುವುದಿಲ್ಲ.

ಲಿಮಿಟ್, ಅಂದರೆ ಕಾರ್ಡಿನಲ್ಲಿ ಹೆಚ್ಚೆಂದರೆ ಎಷ್ಟು ಖರ್ಚು ಮಾಡಬಹುದೋ ಆ ಮೊತ್ತ, ಅದರ ನೂರಕ್ಕೆ ಮೂವತ್ತರೊಳಗೆ ಇರಿ. 20,000 ಲಿಮಿಟ್ ಇದ್ದರೆ 6,000 ದಾಟಬೇಡಿ. ಪ್ರತಿ ತಿಂಗಳು ಲಿಮಿಟ್ ಮುಟ್ಟುವಷ್ಟು ಬಳಸಿದರೆ, ಪೂರ್ತಿ ಕಟ್ಟಿದರೂ, ಸ್ಕೋರಿಗೆ ಪೆಟ್ಟು. ದೀಪಾವಳಿಗೆ ಬಟ್ಟೆ, ಊರಿಗೆ ಹೋಗುವ ಟಿಕೆಟ್ ಅಂತ ಜಾಸ್ತಿ ಆಗಿಬಿಟ್ಟರೆ ಬಿಲ್ ತಯಾರಾಗುವ ಮೊದಲೇ ಒಂದಿಷ್ಟು ಕಟ್ಟಿಬಿಡಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ವರದಿ ಕಳಿಸಬೇಕಾಗಿದೆ. ಹಾಗಾಗಿ ಒಳ್ಳೆಯದೂ ಕೆಟ್ಟದ್ದೂ ಈಗ ಬೇಗ ಕಾಣುತ್ತದೆ.

ಡಿಸ್ಕೌಂಟಿಗಾಗಿ ಬೇಡದ್ದನ್ನು ಕೊಂಡರೆ ಬಡ್ಡಿ ಉಳಿಸಿದ್ದಕ್ಕೆ ಅರ್ಥವೇ ಇಲ್ಲ, ಅಲ್ವಾ? ಅಂಗಡಿ ಕಾರ್ಡಿನ ದೊಡ್ಡ ಅಪಾಯ ಇದೇ. ಬಡ್ಡಿಗಿಂತ ಮೊದಲು ಅದು ಆಸೆ ಹುಟ್ಟಿಸುತ್ತದೆ.

ಕಾರ್ಡನ್ನು ಬೇರೆಯವರಿಗೆ ಕೊಡಬೇಡಿ. ರೂಮಿನ ಗೆಳೆಯ "ಫ್ರಿಜ್ ತಗೋತೀನಿ, ತಿಂಗಳು ತಿಂಗಳು ನಿನಗೇ ಕೊಡ್ತೀನಿ" ಅನ್ನುತ್ತಾನೆ. ಒಳ್ಳೆಯವನೇ ಇರಬಹುದು. ಅವನ ಕೆಲಸ ಹೋದರೆ ಬಿಲ್ ನಿಮ್ಮದು, ಸ್ಕೋರೂ ನಿಮ್ಮದು.

6. ಬಿಲ್ ಓದುವುದನ್ನು ಕಲಿಯಿರಿ

ಇಲ್ಲಿ ನಿಧಾನವಾಗಿ ಓದಿ. ಬಡ್ಡಿ ಬೀಳುವುದೂ ಬೀಳದಿರುವುದೂ ನಿರ್ಧಾರವಾಗುವುದು ಇಲ್ಲೇ.

ಕಾರ್ಡಿಗೆ ಎರಡು ತಾರೀಖುಗಳಿವೆ. ಒಂದು ಸ್ಟೇಟ್‌ಮೆಂಟ್ ಡೇಟ್, ಬಿಲ್ ತಯಾರಾಗುವ ದಿನ. ಇನ್ನೊಂದು ಪೇಮೆಂಟ್ ಡ್ಯೂ ಡೇಟ್, ಕಟ್ಟಲು ಕೊನೆ ದಿನ. ಎರಡರ ನಡುವೆ ಸಾಮಾನ್ಯವಾಗಿ 18–20 ದಿನ ಇರುತ್ತದೆ. ನಿಮ್ಮ ಬಿಲ್ ಪ್ರತಿ ತಿಂಗಳು 12ಕ್ಕೆ ತಯಾರಾಗಿ, ಕೊನೆ ದಿನ ಮುಂದಿನ ತಿಂಗಳ 1 ಅಂತ ಇಟ್ಟುಕೊಳ್ಳಿ. ಜೂನ್ 13ಕ್ಕೆ ದಿನಸಿ ತಂದರೆ ಅದು ಜುಲೈ 12ರ ಬಿಲ್ಲಿಗೆ ಬರುತ್ತದೆ, ಆಗಸ್ಟ್ 1ಕ್ಕೆ ಕಟ್ಟಿದರೆ ಆಯಿತು. 49 ದಿನ ಬಡ್ಡಿಯಿಲ್ಲ. ಅದೇ ಸಾಮಾನು ಜುಲೈ 11ಕ್ಕೆ ತಂದರೆ ಅದೂ ಅದೇ ಬಿಲ್ಲಿಗೆ ಸೇರುತ್ತದೆ, ಆದರೆ ಸಿಗುವುದು 21 ದಿನ ಮಾತ್ರ. "50 ದಿನ ಬಡ್ಡಿ ಇಲ್ಲ" ಅಂತ ಜಾಹೀರಾತಿನಲ್ಲಿ ಹೇಳುವುದು ಈ ಲೆಕ್ಕದ ಮೇಲೆ. ಎಲ್ಲ ಖರೀದಿಗೂ 50 ದಿನ ಸಿಗುವುದಿಲ್ಲ.

ಈ ಬಡ್ಡಿಯಿಲ್ಲದ ದಿನಗಳಿಗೆ ಒಂದೇ ಷರತ್ತು: ಪೂರ್ತಿ ಬಿಲ್ ಕಟ್ಟಬೇಕು. 20,000ದ ಬಿಲ್ಲಿಗೆ ಮಿನಿಮಮ್ ಅಂತ 1,000 ಮಾತ್ರ ಕಟ್ಟಿದಿರಿ ಅನ್ನಿ. ಉಳಿದ 19,000ಕ್ಕೆ ತಿಂಗಳಿಗೆ 3.5 ಪರ್ಸೆಂಟ್ ದರದಲ್ಲಿ 665 ರೂಪಾಯಿ ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸುಮಾರು 120. ಒಂದು ತಿಂಗಳಿಗೆ 785 ರೂಪಾಯಿ ಹೋಯಿತು. ಅಷ್ಟೇ ಅಲ್ಲ. ಬಡ್ಡಿ ಲೆಕ್ಕ ಶುರುವಾಗುವುದು ಕೊನೆ ದಿನದಿಂದಲ್ಲ, ನೀವು ಸಾಮಾನು ಕೊಂಡ ದಿನದಿಂದ. ಬಾಕಿ ಇರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಮಿನಿಮಮ್ ಕಟ್ಟಿದರೆ ಬಾಕಿದಾರ ಅನ್ನುವ ಹೆಸರು ಬರುವುದಿಲ್ಲ, ನಿಜ. ಆದರೆ ಸ್ಕೋರ್ ಬೆಳೆಸಲು ಇದಕ್ಕಿಂತ ದುಬಾರಿ ದಾರಿ ಇಲ್ಲ.

7. ಕೊನೆ ದಿನಕ್ಕೆ ಮೂರು ದಿನ ಮೊದಲೇ ಕಟ್ಟಿ

ಆಟೋ-ಪೇ ಇದ್ದರೂ ಖಾತೆಯಲ್ಲಿ ದುಡ್ಡಿದೆಯಾ ಅಂತ ನೋಡಿ. ಯುಪಿಐ ಆಪ್‌ನಲ್ಲಿ ಕಟ್ಟುವುದಾದರೆ ಹಣ ಕಾರ್ಡಿಗೆ ಜಮಾ ಆಗಲು ಒಂದೆರಡು ದಿನ ಹಿಡಿಯಬಹುದು. ಕೊನೆ ದಿನ ಮೂರು ದಿನಕ್ಕಿಂತ ಜಾಸ್ತಿ ಮೀರಿದರೆ ಮಾತ್ರ ತಡ ಅಂತ ವರದಿ ಮಾಡಬೇಕು, ತಡದ ಶುಲ್ಕ ಹಾಕಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅದು ಸರ್ವರ್ ಕೈಕೊಟ್ಟಾಗ ಇರಲಿ ಅಂತ ಇರುವ ಆಸರೆ. ಅದನ್ನೇ ನಂಬಿ ಕೂರಬೇಡಿ. ಮೂರು ದಿನ ದಾಟಿದರೆ ಎಣಿಕೆ ಮೂಲ ತಾರೀಖಿನಿಂದಲೇ ಆಗುತ್ತದೆ.

ಸಾಮಾನು ವಾಪಸ್ ಕೊಟ್ಟಿದ್ದೀರಿ, ರಿಫಂಡ್ ಇನ್ನೂ ಬಂದಿಲ್ಲ ಅಂತ ಬಿಲ್ಲಿನಲ್ಲಿ ಅಷ್ಟು ಕಡಿಮೆ ಕಟ್ಟಬೇಡಿ. ಪೂರ್ತಿ ಕಟ್ಟಿ. ಹಣ ಬಂದಾಗ ನಿಮ್ಮ ಕಾರ್ಡಿನಲ್ಲೇ ಜಮಾ ಇರುತ್ತದೆ.

8. ಪೂರ್ತಿ ಕಟ್ಟಿದರೂ ದುಡ್ಡು ಹೋಗುವ ಜಾಗಗಳು

ಎಟಿಎಂನಿಂದ ನಗದು ತೆಗೆದರೆ ಆ ಕ್ಷಣದಿಂದಲೇ ಬಡ್ಡಿ, ಮೇಲೆ ಶುಲ್ಕ. ಕಾರ್ಡಿನಿಂದ ವಾಲೆಟ್ ತುಂಬಿಸಿದರೆ ಶುಲ್ಕ. ನೋ-ಕಾಸ್ಟ್ ಇಎಂಐ ಅಂದರೂ ಪ್ರೊಸೆಸಿಂಗ್ ಶುಲ್ಕ ಇರಬಹುದು, ಬಡ್ಡಿಯ ಭಾಗದ ಮೇಲಿನ ಜಿಎಸ್‌ಟಿ ನಿಮ್ಮದೇ. ಫೋನ್ ಮಾಡಿ "ಕಾರ್ಡ್ ಪ್ರೊಟೆಕ್ಷನ್ ಹಾಕ್ತೀವಿ, ಹೂಂ ಅನ್ನಿ" ಅನ್ನುವವರಿಗೆ ಬೇಡ ಅಂತ ಸ್ಪಷ್ಟವಾಗಿ ಹೇಳಿ.

9. ರೂಮ್ ಬದಲಿಸುವಾಗ, ಊರಿಗೆ ಹೋಗುವಾಗ

ಕಾರ್ಡ್ ಬಳಸುವುದನ್ನು ನಿಲ್ಲಿಸಿದರೆ ಎಲ್ಲ ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆಗುವುದು ಹೀಗೆ: ಹನ್ನೊಂದು ತಿಂಗಳ ಕರಾರು ಮುಗಿದು ವಾಕಡ್‌ನಿಂದ ಬೇರೆ ಕಡೆ ಹೋಗುತ್ತೀರಿ. ಹಳೆ ಸಿಮ್ ಬಿಡುತ್ತೀರಿ. ಕಾರ್ಡ್ ಪೆಟ್ಟಿಗೆಯಲ್ಲಿದೆ. ಎರಡನೇ ವರ್ಷದ 500 ರೂಪಾಯಿ ಶುಲ್ಕ ಬಿಲ್ಲಿಗೆ ಬರುತ್ತದೆ. ಎಸ್‌ಎಂಎಸ್ ಹಳೆ ನಂಬರಿಗೆ ಹೋಗುತ್ತದೆ. ಕಟ್ಟಿಲ್ಲ ಅಂತ ದಂಡ, ದಂಡಕ್ಕೆ ಜಿಎಸ್‌ಟಿ. ಮನೆ ಸಾಲಕ್ಕೆ ಹೋದಾಗಲೇ ಗೊತ್ತಾಗುವುದು, ರಿಪೋರ್ಟಿನಲ್ಲಿ ತಿಂಗಳುಗಟ್ಟಲೆ ಬಾಕಿ ಇದೆ ಅಂತ. ಇಂಥ ಸಣ್ಣ ಬಾಕಿಯಿಂದ ಮನೆ ಕೈತಪ್ಪಬಾರದು. ನಂಬರ್, ವಿಳಾಸ, ಇಮೇಲ್ ಬದಲಾದ ವಾರದಲ್ಲೇ ಬ್ಯಾಂಕಿಗೆ ತಿಳಿಸಿ.

ಬೇಡವಾದ ಕಾರ್ಡನ್ನು ಬಾಕಿ ಸೊನ್ನೆ ಮಾಡಿ ಲಿಖಿತವಾಗಿ ಮುಚ್ಚಿಸಿ. ಕೇಳಿದ 7 ಕೆಲಸದ ದಿನದೊಳಗೆ ಬ್ಯಾಂಕ್ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಶುಲ್ಕವಿಲ್ಲದ ಮೊದಲ ಕಾರ್ಡ್ ಆದರೆ ಮುಚ್ಚಬೇಡಿ. ದಾಖಲೆ ಹಳೆಯದಾದಷ್ಟೂ ಒಳ್ಳೆಯದು.

ಬಾಕಿ ಬೆಳೆದುಬಿಟ್ಟಾಗ ವಸೂಲಿಯವರು "ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ" ಅನ್ನಬಹುದು. ರಿಪೋರ್ಟಿನಲ್ಲಿ ಸೆಟಲ್ಡ್ ಅಂತ ಬಂದರೆ ಪೂರ್ತಿ ಕಟ್ಟಲಿಲ್ಲ ಅಂತ ಅರ್ಥ, ಮುಂದೆ ಸಾಲ ಸಿಗುವುದು ಕಷ್ಟ. ಸಾಧ್ಯವಿದ್ದರೆ ಪೂರ್ತಿ ಕಟ್ಟಿ ಕ್ಲೋಸ್ಡ್ ಅಂತಲೇ ಬರೆಸಿಕೊಳ್ಳಿ.

10. ಆರು ತಿಂಗಳ ನಂತರ ರಿಪೋರ್ಟ್ ತೆಗೆಯಿರಿ

ಸುಮಾರು ಆರು ತಿಂಗಳ ದಾಖಲೆ ಸೇರಿದ ಮೇಲೆ ಎನ್‌ಎಚ್ ಹೋಗಿ ಅಂಕ ಬರುತ್ತದೆ. ಅಂಕಕ್ಕಿಂತ ಮೊದಲು ಡಿಪಿಡಿ ಅನ್ನುವ ಸಾಲು ನೋಡಿ. ಎಷ್ಟು ದಿನ ತಡವಾಗಿದೆ ಅಂತ ತಿಂಗಳುವಾರು ಅಲ್ಲಿರುತ್ತದೆ. 000 ಅಥವಾ ಎಸ್‌ಟಿಡಿ ಇದ್ದರೆ ಸರಿಯಾಗಿ ಕಟ್ಟಿದ್ದೀರಿ. 030 ಥರ ಬೇರೆ ಅಂಕೆ ಇದ್ದರೆ ಅಷ್ಟು ದಿನ ತಡ. ಹಿಂದಿನ 36 ತಿಂಗಳು ಅಲ್ಲಿ ಕಾಣುತ್ತದೆ.

ತಪ್ಪು ಕಂಡರೆ ಆ ಕಂಪನಿಯ ಜಾಲತಾಣದಲ್ಲೇ ಡಿಸ್ಪ್ಯೂಟ್, ಅಂದರೆ ತಕರಾರು, ದಾಖಲಿಸಿ. ಬ್ಯಾಂಕಿಗೂ ಇಮೇಲ್ ಕಳಿಸಿ. ಬಿಲ್, ಕಟ್ಟಿದ ರಸೀದಿ ಎರಡನ್ನೂ ಜೊತೆಗೆ ಹಾಕಿ. 30 ದಿನದೊಳಗೆ ಬಗೆಹರಿಯಬೇಕು. ಅದು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ. ಬ್ಯಾಂಕ್ 30 ದಿನ ಉತ್ತರಿಸದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ದೂರು ವಿಚಾರಿಸುವ ಅಧಿಕಾರಿಗೆ, ಸಿಎಂಎಸ್ ಅನ್ನುವ ಅದರ ದೂರಿನ ಜಾಲತಾಣದಲ್ಲಿ ದೂರು ಕೊಡಿ. ಖರ್ಚಿಲ್ಲ, ವಕೀಲರೂ ಬೇಡ. ಹೇಗೆ ತುಂಬಬೇಕು ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ಬ್ಯಾಂಕಿಗೆ ದೂರು ಕೊಟ್ಟ ದಿನ ಮತ್ತು ದೂರಿನ ನಂಬರ್ ಕೇಳುತ್ತಾರೆ, ಅವೆರಡನ್ನೂ ಬರೆದಿಟ್ಟುಕೊಂಡಿರಿ.